ಹಳೆಯ ಹೊಲಿಗೆ ಯಂತ್ರವೂ ಅದರ ಪರಿವಾರವೂ



ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಒಂದು ಮೂಲೆಯುಂಟು. ಅಲ್ಲಿ ಮರದ ಮುಚ್ಚಳ ಹೊದ್ದು, ಮೇಲೊಂದು ಕಸೂತಿಯ ವಸ್ತ್ರ ಹಾಸಿಕೊಂಡು, ಹಳೆಯ ಹೊಲಿಗೆ ಯಂತ್ರವೊಂದು ಮೌನವಾಗಿ ಕುಳಿತಿರುತ್ತದೆ. ಅದು ಅಜ್ಜಿಗೆ ತವರಿನಿಂದ ಬಂದ ಬಳುವಳಿಯಾಗಿರಬಹುದು. ತಾಯಿಯು ನೆರೆಹೊರೆಯವರ ರವಿಕೆ, ಲಂಗಗಳನ್ನು ಹೊಲಿದು ಕೂಡಿಸಿದ ಹಣದಿಂದ ಕೊಂಡದ್ದಾಗಿರಬಹುದು. ಈಗ ಅದರ ಮೇಲೆ ಹೂದಾನಿ ಇದೆ, ಔಷಧದ ಡಬ್ಬಿ ಇದೆ, ಮಕ್ಕಳ ಪುಸ್ತಕವಿದೆ. ಹೊಲಿಗೆಯೊಂದು ಮಾತ್ರ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಇಂತಹ ಯಂತ್ರಗಳ ಮೇಲೆ ಹೊಸದೊಂದು ಅಕ್ಕರೆ ಹುಟ್ಟಿದೆ. ವಿದ್ಯಾವಂತ ತರುಣರು ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರೆ. ಸೊಸೆಯಂದಿರು ಅತ್ತೆಯವರ ಯಂತ್ರವನ್ನು ಅಟ್ಟದಿಂದ ಇಳಿಸಿ ಒರೆಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಯಂತ್ರದ ತಲೆಯನ್ನು ಮಾತ್ರ ಸಂಗ್ರಹಿಸಿ, ಅದರ ಬಾಬಿನ್, ಶಟಲ್, ಪಾದಗಳನ್ನು ಅಲಕ್ಷಿಸುವ ರೂಢಿಯೂ ಜೊತೆಯಲ್ಲೇ ಬೆಳೆದಿದೆ. ಹೊಲಿಗೆಯ ಯಂತ್ರಕ್ಕೆ ಒಂದು ಪರಿವಾರವಿದೆ. ಆ ಪರಿವಾರದಿಂದ ಅಗಲಿದ ಯಂತ್ರವು ಕಬ್ಬಿಣದ ಗೊಂಬೆಯಷ್ಟೇ. ಈ ಬಾರಿಯ ಅಂಕಣದಲ್ಲಿ ನಾವು ಈ ವಿಷಯವನ್ನು ಕೊಂಚ ವಿವರವಾಗಿ ವಿಚಾರ ಮಾಡಬೇಕೆಂದಿದ್ದೇವೆ.

ಧರ್ಮದ ಪತ್ರಿಕೆಯಲ್ಲಿ ಹೊಲಿಗೆ ಯಂತ್ರದ ಮಾತೇಕೆ ಎಂದು ಕೆಲವರು ಕೇಳಬಹುದು. ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣರಿದ್ದರು. ಅವರ ಹೆಸರಿನಲ್ಲಿಯೇ ಸೂಜಿ ಇದೆ. ನಮ್ಮಲ್ಲಿ ಶಿವಸಿಂಪಿ ಸಮಾಜದವರು ತಲೆಮಾರುಗಳಿಂದ ಸೂಜಿ ದಾರಗಳನ್ನೇ ನಂಬಿ ಬಾಳಿದವರು. ಉಪಕರಣವನ್ನು ಗೌರವಿಸದವನು ಕಾಯಕವನ್ನು ಗೌರವಿಸಿದಂತಾಗುವುದಿಲ್ಲ. ಆದ್ದರಿಂದ ಈ ಮಾತು ಧರ್ಮಕ್ಕೆ ಹೊರಗಿನದಲ್ಲ.

ಅದರಲ್ಲಿಯೂ ಬಳ್ಳಾರಿಯವರಿಗೆ ಇದು ಮನೆಯ ಮಾತು. ಬ್ರಿಟಿಷರ ಕಾಲದಲ್ಲಿ ಇಲ್ಲಿ ದಂಡಿನ ಠಾಣ್ಯವಿತ್ತು. ಸೈನಿಕರ ಸಮವಸ್ತ್ರ ಹೊಲಿಯುವುದಕ್ಕೆ ದರ್ಜಿಗಳ ಕುಟುಂಬಗಳು ಬಂದು ನೆಲೆಸಿದವೆಂದು ಊರಿನ ಹಿರಿಯರು ಹೇಳುತ್ತಾರೆ. ಸಮವಸ್ತ್ರದ ಕಾಲ ಹೋಯಿತು, ಜೀನ್ಸ್ ಕಾಲ ಬಂದಿತು. ಇಂದು ಬಳ್ಳಾರಿಯ ಜೀನ್ಸ್ ಬಟ್ಟೆಗೆ ನಾಡಿನ ಹೊರಗೂ ಹೆಸರಿದೆ. ಕೌಲ್ ಬಜಾರಿನ ಓಣಿಗಳಲ್ಲಿ ನಡೆದರೆ ಹಗಲೆಲ್ಲ ಯಂತ್ರಗಳ ಸದ್ದು ಕೇಳುತ್ತದೆ. ಹೊಲಿಗೆಯ ಸಾಮಾನುಗಳಿಗೆ ಇಲ್ಲಿ ಕೊರತೆಯಿಲ್ಲ. ಆದರೂ ಈ ಊರಿನಲ್ಲಿಯೇ ಒಂದು ಹಳೆಯ ಯಂತ್ರಕ್ಕೆ ಬಾಬಿನ್ ದೊರೆಯದೆ ಅದು ಗುಜರಿಗೆ ಹೋಗುವುದರಲ್ಲಿತ್ತು. ಆ ವೃತ್ತಾಂತವನ್ನು ಹೇಳುತ್ತೇವೆ.

ಸತ್ಯನಾರಾಯಣಪೇಟೆಯಲ್ಲಿ ಒಂದು ಸದ್ಭಕ್ತ ಮನೆತನವಿದೆ. ಯಜಮಾನರು ಅಕಾಲದಲ್ಲಿ ಲಿಂಗೈಕ್ಯರಾದರು. ಆ ತಾಯಿ ಹಗಲಿರುಳು ಹೊಲಿಗೆ ಹೊಲಿದು ಒಬ್ಬ ಮಗನನ್ನೂ ಒಬ್ಬ ಮಗಳನ್ನೂ ಓದಿಸಿದರು. ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟು ಮದುವೆ ಮಾಡಿದರು. ತಾಯಿಯೂ ಲಿಂಗೈಕ್ಯರಾದ ಮೇಲೆ ಆಸ್ತಿಯ ಪಾಲಾಯಿತು. ಮನೆಯ ವಿಚಾರದಲ್ಲಿ ಅಣ್ಣ ತಂಗಿಯರಿಗೆ ಮನಸ್ತಾಪವಾಗಿ, ಎದುರಿಗೆ ಕುಳಿತು ಮಾತನಾಡುವುದೂ ನಿಂತಿತು. ಕೊನೆಗೆ ಪಾತ್ರೆ ಪಡಗಗಳನ್ನು ಹಂಚುವಾಗ ಹೊಲಿಗೆ ಯಂತ್ರ ಅಣ್ಣನಿಗೆ ಹೋಯಿತು. ಅದರ ಜೊತೆಗಿದ್ದ ಮರದ ಪುಟ್ಟ ಪೆಟ್ಟಿಗೆ, ‘ಅವ್ವನ ನೆನಪಿಗೆ ಇರಲಿ’ ಎಂದು ತಂಗಿಗೆ ಹೋಯಿತು. ಪೆಟ್ಟಿಗೆಯಲ್ಲಿ ಏನಿದೆಯೆಂದು ಹಂಚಿದವರೂ ನೋಡಲಿಲ್ಲ, ಪಡೆದವರೂ ನೋಡಲಿಲ್ಲ.

ಕೆಲವು ವರ್ಷಗಳ ನಂತರ ಆ ತಾಯಿಯ ಸ್ಮರಣೆಯ ದಿನ ನಾವು ಆ ಮನೆಗೆ ಹೋಗಿದ್ದೆವು. ಪ್ರಸಾದವಾದ ಮೇಲೆ ಮಗ ಯಂತ್ರವನ್ನು ತೋರಿಸಿ, “ಶಾಸ್ತ್ರಿಗಳೇ, ನಮ್ಮವ್ವನ ಮಿಷನ್ ಕೆಟ್ಟು ಹೋಗೇತ್ರಿ. ಮೂರು ಅಂಗಡಿ ತಿರುಗಿದೆ, ಒಂದು ಬಾಬಿನ್ನೂ ಕೂಡವಲ್ದು. ಗುಜರಿಯವ ಕೇಳಾಕತ್ಯಾನ. ಕೊಟ್ಟುಬಿಡೂನು ಅನಿಸೇತಿ” ಎಂದರು. ಅಂದು ಪ್ರಸಾದಕ್ಕೆ ಬಂದವರಲ್ಲಿ ಕೌಲ್ ಬಜಾರಿನ ಒಬ್ಬ ವೃದ್ಧ ದರ್ಜಿಯೂ ಇದ್ದರು. ಅವರು ಎದ್ದು ಬಂದು, ಸೂಜಿಯ ಕೆಳಗಿನ ಉಕ್ಕಿನ ತಗಡನ್ನು ಸರಿಸಿ ಒಳಗೆ ನೋಡಿ, “ಮಿಷನ್ ಕೆಟ್ಟಿಲ್ರಿ ಸಾಹುಕಾರ್ರ. ಇದು ಉದ್ದ ಬಾಬಿನ್‌ದು. ಇದರ ಶಟಲ್ಲೇ ಇಲ್ಲಿಲ್ಲ. ಎಲ್ಲೋ ಬ್ಯಾರೆ ಕಡೆ ಐತಿ” ಎಂದರು.

ಈ ಒಂದು ಮಾತನ್ನು ಅರ್ಥಮಾಡಿಕೊಳ್ಳಬೇಕಾದರೆ ಹೊಲಿಗೆ ಹೇಗೆ ಆಗುತ್ತದೆ ಎಂಬುದನ್ನು ತಿಳಿಯಬೇಕು. ಯಂತ್ರದ ಹೊಲಿಗೆಗೆ ಎರಡು ದಾರಗಳು. ಮೇಲಿನ ದಾರ ಸೂಜಿಯೊಡನೆ ಬಟ್ಟೆಯನ್ನು ತೂರಿ ಕೆಳಗಿಳಿಯುತ್ತದೆ. ಸೂಜಿ ಮೇಲೇಳುವ ಕ್ಷಣದಲ್ಲಿ ಆ ದಾರ ಕೆಳಗೆ ಒಂದು ಕುಣಿಕೆಯಾಗಿ ನಿಲ್ಲುತ್ತದೆ. ಕೆಳಗಿನ ಕೊಕ್ಕೆಯಾಗಲಿ ಶಟಲ್ ಆಗಲಿ ಆ ಕುಣಿಕೆಯನ್ನು ಹಿಡಿದು, ಬಾಬಿನ್ನಿನ ದಾರ ಅದರೊಳಗೆ ಸಿಕ್ಕುವಂತೆ ಮಾಡುತ್ತದೆ. ಎರಡು ದಾರಗಳೂ ಬಟ್ಟೆಯ ನಡುವೆ ಒಂದನ್ನೊಂದು ತಬ್ಬಿ ನಿಲ್ಲುತ್ತವೆ. ಇದಕ್ಕಾಗಿ ಮೇಲಿನ ದಾರವು ಬಾಬಿನ್ನನ್ನು ಹಿಡಿದಿರುವ ಗೂಡಿನ ಸುತ್ತ ಪ್ರತಿ ಹೊಲಿಗೆಗೂ ಒಮ್ಮೆ ನುಸುಳಿ ಬರಬೇಕು. ಹಾಗೆ ನುಸುಳುವುದಕ್ಕೆ ಉಳಿದಿರುವ ಸಂದು ಕೂದಲೆಳೆಯಷ್ಟು. ಬಾಬಿನ್ ತುಸು ಎತ್ತರವಾದರೆ ದಾರ ಸಿಕ್ಕಿ ಹರಿಯುತ್ತದೆ. ತುಸು ಗಿಡ್ಡವಾದರೆ ಅದು ಗೂಡಿನೊಳಗೆ ಕುಣಿದು, ದಾರ ಒಮ್ಮೆ ಬಿಗಿ ಒಮ್ಮೆ ಸಡಿಲಾಗಿ, ಬಟ್ಟೆಯ ಕೆಳಗೆ ಗಂಟು ಬೀಳುತ್ತದೆ. ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟೆಲ್ಲ ಆಗುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ದೊರೆಯುವ ಹಳೆಯ ಯಂತ್ರಗಳ ಬಾಬಿನ್ನುಗಳನ್ನು ಮುಖ್ಯವಾಗಿ ಮೂರು ಕುಲಗಳೆಂದು ತಿಳಿಯಬಹುದು.

ಮೊದಲನೆಯದು ಸಿಂಗರ್ 15ನೆಯ ಮಾದರಿಯ ಕುಲ. ಈ ಬಾಬಿನ್ ದುಂಡಗಿನದು. ಅದರ ಎರಡು ಮುಖಗಳೂ ಸಪಾಟು. ಅಡ್ಡಳತೆ ಸುಮಾರು 20 ಮಿಲಿಮೀಟರ್, ಎತ್ತರ 12ಕ್ಕೆ ತುಸು ಕಡಿಮೆ. ಇದು ಬಿಚ್ಚಿ ತೆಗೆಯಬಹುದಾದ ಬಾಬಿನ್ ಕೇಸಿನೊಳಗೆ ಕುಳಿತು, ಯಂತ್ರದ ಎಡತುದಿಯಲ್ಲಿ ನೆಟ್ಟಗೆ ನಿಂತಂತೆ ಸೇರುತ್ತದೆ. ನಮ್ಮ ದೇಶದ ಬಹುಪಾಲು ಮನೆಯ ಯಂತ್ರಗಳು ಈ ಕುಲಕ್ಕೆ ಸೇರಿದವು. ದೆಹಲಿಯ ಉದ್ಯಮಿ ಲಾಲಾ ಶ್ರೀರಾಮ್ ಅವರ ಆಶ್ರಯದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಿಂದ ‘ಉಷಾ’ ಯಂತ್ರವನ್ನು ಬೆಳೆಸಿತು. ನಮ್ಮ ತಾಯಂದಿರು ಕಂಡ ಉಷಾ, ಮೆರಿಟ್ ಮೊದಲಾದ ಕಪ್ಪು ಯಂತ್ರಗಳಿಗೆ ಸಾಮಾನ್ಯವಾಗಿ ಈ ಬಾಬಿನ್ನೇ ಹೊಂದುತ್ತದೆ.

ಎರಡನೆಯದು 66ನೆಯ ಮಾದರಿಯ ಕುಲ. ಅಡ್ಡಳತೆಯಲ್ಲಿ ಮೊದಲಿನದಕ್ಕೆ ಸರಿಸಮ; ಆದ್ದರಿಂದಲೇ ಮೋಸ ಹೋಗುವುದು ಸುಲಭ. ಇದರ ಎರಡು ಮುಖಗಳೂ ತುಸು ಉಬ್ಬಿರುತ್ತವೆ. ಸಪಾಟಾದ ಮೇಜಿನ ಮೇಲಿಟ್ಟು ಅಂಚನ್ನು ಒತ್ತಿದರೆ ಬಟ್ಟಲಿನಂತೆ ಅಲುಗುತ್ತದೆ, 15ನೆಯದು ಅಲುಗುವುದಿಲ್ಲ. ಇದಕ್ಕಿಂತ ಸರಳವಾದ ಪರೀಕ್ಷೆ ಬೇರೆಯಿಲ್ಲ. ಸಿಂಗರ್ 66, 99 ಮತ್ತು 201ನೆಯ ಮಾದರಿಗಳಿಗೆ ಇದೇ ಬಾಬಿನ್. ಇದನ್ನು ಸೂಜಿಯ ಪಕ್ಕದ ತಗಡನ್ನು ಸರಿಸಿ ಮೇಲಿನಿಂದಲೇ ಮಲಗಿಸಿ ಇಡುತ್ತಾರೆ. ಇಲ್ಲಿ ಗೂಡನ್ನು ಪ್ರತಿಸಲ ಹೊರತೆಗೆಯುವ ಪದ್ಧತಿಯಿಲ್ಲ.

ಮೂರನೆಯದು ಉದ್ದ ಬಾಬಿನ್ನಿನ ಕುಲ. ಇದು ದುಂಡಗಿನ ಬಿಲ್ಲೆಯಲ್ಲ. ಸಣ್ಣ ಕಡ್ಡಿಯ ಎರಡು ತುದಿಗೂ ಪುಟ್ಟ ತಟ್ಟೆಗಳನ್ನು ಕೂಡಿಸಿದಂತಿರುತ್ತದೆ. ಬಂದೂಕಿನ ಗುಂಡಿನ ಆಕಾರದ ಉಕ್ಕಿನ ಶಟಲ್ ಒಳಗೆ ಇದು ಸೇರುತ್ತದೆ. ಆ ಶಟಲ್ ಹೊಲಿಯುವಾಗ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತದೆ. ಸಿಂಗರ್ 27, 28, 127, 128ನೆಯ ಮಾದರಿಗಳು ಈ ಬಗೆಯವು. ಇವುಗಳಲ್ಲಿ ಶಟಲ್ ಇಲ್ಲದಿದ್ದರೆ ಯಾವ ಬಾಬಿನ್ ತಂದರೂ ಪ್ರಯೋಜನವಿಲ್ಲ. ಇನ್ನೂ ಹಳೆಯ, ಹತ್ತೊಂಬತ್ತನೆಯ ಶತಮಾನದ 12ನೆಯ ಮಾದರಿಯಲ್ಲಿ ಶಟಲ್ ದೋಣಿಯಾಕಾರದ್ದು. ಅದರ ಸೂಜಿಯೂ ಬೇರೆ. ಅಂತಹುದನ್ನು ಕೊಳ್ಳುವವರು ಶಟಲ್, ಸೂಜಿ ಎರಡೂ ಇವೆಯೇ ಎಂದು ಮೊದಲೇ ನೋಡಬೇಕು.

ಬಳ್ಳಾರಿಯಲ್ಲಿ ಇನ್ನೊಂದು ತೊಡಕುಂಟು. ಇಲ್ಲಿಯ ಅಂಗಡಿಗಳಲ್ಲಿ ಕೈಗೆ ಮೊದಲು ಸಿಕ್ಕುವುದು ಜೀನ್ಸ್ ಕಾರ್ಖಾನೆಯ ವೇಗದ ಯಂತ್ರಗಳ ಬಾಬಿನ್. ಅದು ಅಗಲದಲ್ಲಿ ತುಸು ಹೆಚ್ಚು, ಸುಮಾರು 21 ಮಿಲಿಮೀಟರ್. ಎತ್ತರದಲ್ಲಿ ಕಡಿಮೆ, ಸುಮಾರು 9 ಮಿಲಿಮೀಟರ್. ಮನೆಯ ಯಂತ್ರಕ್ಕೆ ಅದು ಹೊಂದದು. ಒತ್ತಿ ಕೂಡಿಸುವ ಸಾಹಸಕ್ಕೆ ಹೋದರೆ ಗೂಡಿನ ಅಂಚು ಸವೆದು, ಸರಿಯಾದ ಬಾಬಿನ್ ಸಿಕ್ಕ ದಿನ ಅದೂ ಕೂಡದಂತಾಗುತ್ತದೆ. ಆದ್ದರಿಂದ ಅಂಗಡಿಗೆ ಬರಿಗೈಯಲ್ಲಿ ಹೋಗಬಾರದು. ಮನೆಯಲ್ಲಿ ಹಳೆಯ ಬಾಬಿನ್ ಒಂದಿದ್ದರೆ ಅದನ್ನು, ಇಲ್ಲದಿದ್ದರೆ ಬಾಬಿನ್ ಕೇಸನ್ನು ಜೊತೆಗೆ ಒಯ್ಯಬೇಕು. ಸಿಂಗರ್ ಕಂಪನಿಯವರು ಬಿಡಿಭಾಗಗಳಿಗೆ ಸಂಖ್ಯೆ ಕೊಟ್ಟಿದ್ದರು: 15ನೆಯ ಕುಲದ ಬಾಬಿನ್ನಿಗೆ 2518, 66ನೆಯ ಕುಲದ್ದಕ್ಕೆ 172222, ಉದ್ದ ಬಾಬಿನ್ನಿಗೆ 8228. ಅಂಚೆಯಲ್ಲಿಯೋ ಮೊಬೈಲಿನ ಮೂಲಕವೋ ದೂರದಿಂದ ತರಿಸುವವರು ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ಬಾಬಿನ್ ಕೂಡಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 15ನೆಯ ಕುಲದ ಬಾಬಿನ್ ಕೇಸಿಗೆ ಒಂದು ಕೊಂಬು ಇರುತ್ತದೆ. ಕೆಲವು ಯಂತ್ರಗಳಲ್ಲಿ ಆ ಕೊಂಬು ಗಡಿಯಾರದ 11ರ ದಿಕ್ಕಿಗೆ, ಕೆಲವುಗಳಲ್ಲಿ 1ರ ದಿಕ್ಕಿಗೆ ನಿಲ್ಲಬೇಕು. ಒಂದರ ಕೇಸು ಇನ್ನೊಂದಕ್ಕೆ ಹೊಂದುವುದಿಲ್ಲ. ಕೇಸಿನ ಬಿಗಿಯನ್ನು ನೋಡುವುದಕ್ಕೆ ದರ್ಜಿಗಳು ಒಂದು ಉಪಾಯ ಮಾಡುತ್ತಾರೆ. ದಾರ ಸುತ್ತಿದ ಬಾಬಿನ್ನನ್ನು ಕೇಸಿಗೆ ಹಾಕಿ, ದಾರದ ತುದಿ ಹಿಡಿದು ತೂಗುಬಿಡಬೇಕು. ಅದು ತಾನಾಗಿ ಜಾರಬಾರದು. ಕೈಯನ್ನು ಮೆಲ್ಲನೆ ಕುಲುಕಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ತಾನೇ ಜಾರಿದರೆ ಸಡಿಲು, ಕುಲುಕಿದರೂ ಇಳಿಯದಿದ್ದರೆ ಬಿಗಿ. ಕೇಸಿನ ಮೇಲಿನ ಪುಟ್ಟ ತಿರುಪನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬಿಗಿ ಅತಿಯಾದರೆ ದಾರ ಹರಿಯುತ್ತದೆ, ಸಡಿಲ ಅತಿಯಾದರೆ ಗಂಟಾಗುತ್ತದೆ. ಇದು ಸಂಸಾರಕ್ಕೂ ಸಲ್ಲುವ ಮಾತೇ.

ಇನ್ನು ಪಾದಗಳ ವಿಚಾರ. ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಾದಕ್ಕೆ ದರ್ಜಿಗಳು ‘ಫುಟ್’ ಎನ್ನುತ್ತಾರೆ. ಅದನ್ನು ಬಿಚ್ಚಿ ಆ ಜಾಗದಲ್ಲಿ ಬೇರೆ ಬೇರೆ ಸಾಧನಗಳನ್ನು ಕೂಡಿಸಬಹುದು. ಒಂದು ಸಾಧನ ಬಟ್ಟೆಯ ಅಂಚನ್ನು ತಾನೇ ಮಡಿಚುತ್ತದೆ. ಇನ್ನೊಂದು ಅಂಚಿಗೆ ಪಟ್ಟಿ ಕೂಡಿಸುತ್ತದೆ. ಮತ್ತೊಂದು ಅಳತೆಯ ಮಡಿಕೆಗೆ ಗುರುತು ಹಾಕುತ್ತಾ ಹೋಗುತ್ತದೆ. ನೆರಿಗೆ ಹಾಕುವ ಸಾಧನವಂತೂ ನೋಡುವುದಕ್ಕೇ ಸೊಗಸು. ಅದರ ಕವಲುತೋಳು ಸೂಜಿಯ ತಿರುಪನ್ನು ಹಿಡಿದುಕೊಂಡು, ಸೂಜಿ ಏರಿಳಿದಂತೆ ಬಟ್ಟೆಯನ್ನು ತಳ್ಳುತ್ತದೆ. ಅನೇಕ ನೆರಿಗೆ ಸಾಧನಗಳ ಮೇಲೆ 1, 6, 12 ಎಂಬ ಅಂಕಿಗಳಿರುತ್ತವೆ. ಎಷ್ಟು ಹೊಲಿಗೆಗೆ ಒಂದು ನೆರಿಗೆ ಎಂಬುದು ಅದರ ಅರ್ಥ. ಕಾಜಾ ಹೊಲಿಯುವ ಸಾಧನವೂ ಉಂಟು. ಅದರ ಜೊತೆಗೆ ಯಂತ್ರದ ಹಲ್ಲುಗಳನ್ನು ಮುಚ್ಚುವ ತಗಡೊಂದು ಬೇಕು, ಆ ತಗಡು ಯಂತ್ರದಿಂದ ಯಂತ್ರಕ್ಕೆ ಬೇರೆ.

ಇವು ಯಾವ ಯಂತ್ರಕ್ಕೆ ಹೊಂದುತ್ತವೆ ಎಂಬುದನ್ನು ಅರಿಯಲು ಒಂದೇ ಅಳತೆ ಸಾಕು. ಪಾದವನ್ನು ಕೆಳಗಿಳಿಸಿ, ಅದನ್ನು ಕಂಬಕ್ಕೆ ಬಿಗಿದ ತಿರುಪಿನ ನಡುವಿನಿಂದ ಪಾದದ ತಳದವರೆಗೆ ಅಳೆಯಬೇಕು. ಸುಮಾರು ಮುಕ್ಕಾಲು ಇಂಚು ಇದ್ದರೆ ಅದು ಗಿಡ್ಡ ಕಂಬದ ಯಂತ್ರ. ಮನೆಯ ಯಂತ್ರಗಳು ಹೆಚ್ಚಾಗಿ ಇವೇ. ಒಂದು ಇಂಚಿಗೂ ಮೇಲಿದ್ದರೆ ಅದು ಎತ್ತರದ ಕಂಬದ್ದು. ಕಾರ್ಖಾನೆಯ ಯಂತ್ರಗಳು, ದರ್ಜಿಗಳ ಕೆಲವು ಭಾರದ ಯಂತ್ರಗಳು ಈ ಬಗೆಯವು. ಗಿಡ್ಡ ಕಂಬಕ್ಕೆ ಎತ್ತರದ ಸಾಧನ ಕೂಡಿಸಿದರೆ ಪಾದ ಮೇಲೇಳುವುದೇ ಇಲ್ಲ. ಎತ್ತರದ ಕಂಬಕ್ಕೆ ಗಿಡ್ಡದ್ದನ್ನು ಕೂಡಿಸಿದರೆ ಬಟ್ಟೆಯನ್ನು ಮುಟ್ಟುವುದೇ ಇಲ್ಲ. 66ನೆಯ ಮಾದರಿಯ ಕೆಲವು ಹಳೆಯ ಯಂತ್ರಗಳಲ್ಲಿ ಪಾದವನ್ನು ಪಕ್ಕದಿಂದಲ್ಲ, ಹಿಂದಿನಿಂದ ಬಿಗಿಯುವ ಏರ್ಪಾಡಿದೆ. ಅವುಗಳ ಸಾಧನಗಳು ಬೇರೆಯವಕ್ಕೆ ಒಗ್ಗುವುದಿಲ್ಲ. ಇಂತಹ ಸಾಧನಗಳ ಮೇಲೆ ‘ಸಿಮಾಂಕೋ’ ಎಂಬ ಮುದ್ರೆಯೂ ಒಂದು ಸಂಖ್ಯೆಯೂ ಕಂಡರೆ ಅದು ಸಿಂಗರ್ ಕಂಪನಿಯದೇ ಎಂದು ತಿಳಿಯಬಹುದು.

ಸೂಜಿಯ ವಿಷಯವನ್ನು ಎರಡೇ ಮಾತಿನಲ್ಲಿ ಹೇಳುತ್ತೇವೆ. ಮನೆಯ ಯಂತ್ರದ ಸೂಜಿಗೆ ಬುಡದ ಒಂದು ಪಕ್ಕ ಸಪಾಟಾಗಿರುತ್ತದೆ. ಕಾರ್ಖಾನೆಯ ಸೂಜಿಯ ಬುಡ ಪೂರ್ತಿ ದುಂಡು. ಸೂಜಿಯ ಉದ್ದನೆಯ ಗೀರು ಯಾವ ಕಡೆಗಿದೆಯೋ ಆ ಕಡೆಯಿಂದಲೇ ದಾರ ಪೋಣಿಸಬೇಕು. ಸೂಜಿಗೆ ಸಮೀಪದಲ್ಲಿ ದಾರ ಹಿಡಿಯುವ ಕೊಂಡಿ ಯಾವ ಪಕ್ಕಕ್ಕಿದೆಯೆಂದು ನೋಡಿದರೆ ಗೀರು ಎತ್ತ ಇರಬೇಕೆಂಬುದು ತಿಳಿಯುತ್ತದೆ.

ಈಗ ಆ ಮನೆಯ ವೃತ್ತಾಂತಕ್ಕೆ ಬರೋಣ. ದರ್ಜಿಯ ಮಾತು ಕೇಳಿದ ಮಗ ಬಹಳ ಹೊತ್ತು ಸುಮ್ಮನಿದ್ದರು. ಶಟಲ್ ಎಲ್ಲಿರಬಹುದೆಂಬುದು ಅವರಿಗೆ ಹೊಳೆದಿತ್ತು. ಆದರೆ ಅದಕ್ಕಾಗಿ ತಂಗಿಯೊಡನೆ ಮಾತನಾಡಬೇಕಾಗಿತ್ತು. ಅವರ ಮಡದಿಯೇ ಫೋನು ಹಚ್ಚಿ ಕೈಗೆ ಕೊಟ್ಟರು. “ತಂಗೀ, ಅವ್ವನ ಪೆಟ್ಟಿಗ್ಯಾಗ ಗುಂಡಿನಂಥಾ ಒಂದು ಉಕ್ಕಿನ ಸಾಮಾನು ಐತೇನವಾ, ನೋಡು” ಎಂದರು. ಆ ಕಡೆ ಪೆಟ್ಟಿಗೆ ತೆರೆದ ಸದ್ದು ಕೇಳಿತು. “ಐತಣ್ಣಾ. ಅದರಾಗ ಇನ್ನೂ ಅವ್ವ ಸುತ್ತಿದ ಬಿಳೇ ದಾರ ಹಂಗೇ ಐತಿ” ಎಂದರು ತಂಗಿ. ಆ ಮೇಲೆ ಇಬ್ಬರೂ ಮಾತನಾಡಲಿಲ್ಲ. ಆದರೆ ಫೋನನ್ನು ಇಡಲೂ ಇಲ್ಲ.

ಮರುವಾರ ಆಕೆ ಪೆಟ್ಟಿಗೆಯೊಡನೆ ಸಿರುಗುಪ್ಪದಿಂದ ಬಂದರು. ಅದು ಬಿಚ್ಚಿದರೆ ಹಲಗೆಯಂತೆ ಚಪ್ಪಟೆಯಾಗಿ ಹರಡಿಕೊಳ್ಳುವ, 1889ರ ಪೇಟೆಂಟಿನ ಮಾದರಿಯ ಮರದ ಪೆಟ್ಟಿಗೆ. ಒಂದೊಂದು ಸಾಧನಕ್ಕೂ ಒಂದೊಂದು ಗೂಡು, ನಡುವೆ ಶಟಲ್. ವೃದ್ಧ ದರ್ಜಿ ಯಂತ್ರಕ್ಕೆ ಎಣ್ಣೆ ಬಿಟ್ಟು ಶಟಲನ್ನು ಕೂಡಿಸಿದರು. ತಾಯಿ ಸುತ್ತಿದ್ದ ದಾರದಿಂದಲೇ ಒಂದು ಗೇಣು ಹೊಲಿಗೆ ಬಿದ್ದಿತು. ಹೊಲಿಗೆ ನೆಟ್ಟಗಿತ್ತು. ಅನಂತರ ಅಣ್ಣ, “ನಮ್ಮನ್ಯಾಗ ಹೊಲಿಯೋರು ಯಾರೂ ಇಲ್ಲವಾ. ಹೊಲಿಯೋರ ಮನಿಯಾಗ ಇರಲಿ, ನೀನೇ ಒಯ್ಯಿ” ಎಂದು ಯಂತ್ರವನ್ನೂ ತಂಗಿಯ ಜೊತೆಗೆ ಕಳುಹಿಸಿದರು. ಮನೆಯ ಪಾಲಿನ ತಕರಾರು ಅಂದೇ ಬಗೆಹರಿಯಿತೆಂದು ನಾವು ಹೇಳುವುದಿಲ್ಲ. ಅದು ಇನ್ನೂ ನಡೆದೇ ಇದೆ. ಆದರೆ ಈಗ ಅಣ್ಣ ತಂಗಿಯರು ಎದುರುಬದುರು ಕುಳಿತು ಅದನ್ನು ಮಾತನಾಡುತ್ತಾರೆ.

ಇದರಿಂದ ಮನೆಯ ಹಿರಿಯರು ಒಂದು ಸಂಗತಿಯನ್ನು ಮನಗಾಣಬೇಕು. ಹಂಚಿದರೆ ಹೆಚ್ಚುವ ವಸ್ತುಗಳಿವೆ, ಹಂಚಿದರೆ ಇಬ್ಬರಿಗೂ ಇಲ್ಲವಾಗುವ ವಸ್ತುಗಳೂ ಇವೆ. ಯಂತ್ರ ಒಬ್ಬರಿಗೆ, ಪೆಟ್ಟಿಗೆ ಒಬ್ಬರಿಗೆ ಎಂಬುದು ನ್ಯಾಯದಂತೆ ತೋರುತ್ತದೆ. ಪರಿಣಾಮದಲ್ಲಿ ಇಬ್ಬರಿಗೂ ಬರಿಯ ಲೋಹ ದಕ್ಕುತ್ತದೆ.

ಸಂಗ್ರಹಿಸುವ ಹವ್ಯಾಸವುಳ್ಳ ತರುಣರಿಗೂ ನಾವು ಕೆಲವು ಮಾತು ಹೇಳಬೇಕಾಗಿದೆ. ಯಂತ್ರದ ಮೇಲಿನ ಕ್ರಮಸಂಖ್ಯೆಯನ್ನು ಮೊದಲು ಬರೆದುಕೊಳ್ಳಿರಿ. ನಮ್ಮ ಕಡೆ ಕಾಣುವ ಹಳೆಯ ಸಿಂಗರ್ ಯಂತ್ರಗಳಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಪಟ್ಟಣದ ಕಿಲ್ಬೋವಿ ಕಾರ್ಖಾನೆಯವು ಬಹಳ. 15ಕೆ, 66ಕೆ ಎಂಬಲ್ಲಿಯ ‘ಕೆ’ ಅಕ್ಷರ ಕಿಲ್ಬೋವಿಯನ್ನೇ ಸೂಚಿಸುತ್ತದೆ. ಸಂಖ್ಯೆಯ ಮುಂದೆ ‘ಎಫ್’ ಇದ್ದರೆ ಸಾಮಾನ್ಯವಾಗಿ 1910ರ ದಶಕದ್ದು, ‘ವೈ’ ಇದ್ದರೆ 1920ರ ದಶಕ ಅಥವಾ ಅದರ ತುಸು ಈಚಿನದು. 1880ರ ದಶಕದಲ್ಲಿ ಆರಂಭವಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿಯ ರೈಲು ನಿಲ್ದಾಣಕ್ಕೆ ಈಗಲೂ ‘ಸಿಂಗರ್’ ಎಂದೇ ಹೆಸರು. ಕಾರ್ಖಾನೆ ಹೋಯಿತು, ಅಲ್ಲಿ ಹುಟ್ಟಿದ ಯಂತ್ರಗಳು ನಮ್ಮ ಪಡಸಾಲೆಗಳಲ್ಲಿ ಉಳಿದಿವೆ. ಯಂತ್ರದ ಕಾಲವನ್ನೂ ಮಾದರಿಯನ್ನೂ ತಿಳಿದ ಮೇಲೆಯೇ ಬಾಬಿನ್, ಸಾಧನಗಳನ್ನು ಹುಡುಕಬೇಕು. ಪೆಟ್ಟಿಗೆ ತುಂಬಿದೆಯೆಂದು ಮರುಳಾಗಿ ಕೊಂಡರೆ ನಾಲ್ಕು ಯಂತ್ರಗಳ ಬಿಡಿಭಾಗಗಳು ಒಂದೇ ಡಬ್ಬಿಯಲ್ಲಿ ಬಂದು ಒಂದೂ ಉಪಯೋಗಕ್ಕೆ ಬಾರದೆ ಹೋಗುತ್ತವೆ.

ಎಣ್ಣೆಯ ವಿಚಾರದಲ್ಲಿ ಎಚ್ಚರವಿರಲಿ. ಕೊಬ್ಬರಿ ಎಣ್ಣೆ, ಒಳ್ಳೆಣ್ಣೆ ಹಾಕುವುದು ನಮ್ಮ ಮನೆಗಳ ರೂಢಿ. ಅವು ಕಾಲಾಂತರದಲ್ಲಿ ಅಂಟಾಗಿ ಯಂತ್ರವನ್ನು ಕಟ್ಟಿಹಾಕುತ್ತವೆ. ಹೊಲಿಗೆ ಯಂತ್ರದ ತಿಳಿಯೆಣ್ಣೆಯನ್ನೇ ಬಳಸಬೇಕು. ಒಳಗಿನ ಅಂಟನ್ನು ಸೀಮೆಎಣ್ಣೆಯಿಂದ ಕರಗಿಸಬಹುದು, ಬೆಂಕಿಯಿಂದ ದೂರವಿಟ್ಟು. ಹೊರಗಿನ ಚಿನ್ನದ ಬಣ್ಣದ ಹೂಬಳ್ಳಿಗಳಿಗೆ ಸ್ಪಿರಿಟ್ ತಾಗಿಸಬಾರದು. ಅವುಗಳ ಮೇಲಿನ ಅರಗಿನ ಲೇಪ ಸ್ಪಿರಿಟ್ಟಿಗೆ ಕರಗಿ ಹೂವೂ ಹೋಗುತ್ತದೆ.

ವಂಚಕರ ಬಗೆಗೂ ಎಚ್ಚರ ಬೇಕು. 2009ರಲ್ಲಿ ಸೌದಿ ಅರೇಬಿಯದಲ್ಲಿ ಒಂದು ಸುದ್ದಿ ಹಬ್ಬಿತು. ಹಳೆಯ ಸಿಂಗರ್ ಯಂತ್ರದ ಸೂಜಿಯಲ್ಲಿ ‘ಕೆಂಪು ಪಾದರಸ’ ಎಂಬ ಅಮೂಲ್ಯ ವಸ್ತುವಿದೆಯೆಂದೂ, ಮೊಬೈಲನ್ನು ಸೂಜಿಯ ಹತ್ತಿರ ಹಿಡಿದಾಗ ಕರೆ ಕಡಿದುಹೋದರೆ ಅದೇ ಗುರುತೆಂದೂ ಜನ ನಂಬಿದರು. ಯಂತ್ರಗಳ ಬೆಲೆ ಲಕ್ಷಾಂತರ ರಿಯಾಲಿಗೆ ಏರಿತು, ಕಳವುಗಳೂ ಆದವು. ಅದೆಲ್ಲ ಶುದ್ಧ ಸುಳ್ಳು. ಸೂಜಿಯಲ್ಲಿರುವುದು ಉಕ್ಕು, ಬೇರೇನೂ ಇಲ್ಲ. ಇಂತಹ ಮಾತು ಹೇಳಿಕೊಂಡು ಮನೆಬಾಗಿಲಿಗೆ ಬರುವವರನ್ನು ಹೊಸ್ತಿಲಿನಿಂದಲೇ ಕಳುಹಿಸಿರಿ.

ಇದಕ್ಕೆ ವಿರುದ್ಧವಾದ ಅನ್ಯಾಯವೂ ನಡೆಯುತ್ತದೆ. ಒಂಟಿಯಾಗಿರುವ ಮುದುಕಿಯ ಮನೆಗೆ ಹೋಗಿ, ‘ಬಾಬಿನ್ ಇಲ್ಲ, ಇದು ಕೆಟ್ಟದ್ದು’ ಎಂದು ಗುಜರಿಯ ಬೆಲೆಗೆ ಕೊಂಡು, ಎರಡು ದಿನದಲ್ಲಿ ಹೊಂದುವ ಬಾಬಿನ್ ಹಾಕಿ ಅನೇಕ ಪಟ್ಟು ಬೆಲೆಗೆ ಮಾರುವವರಿದ್ದಾರೆ. ತಿಳಿದವನು ತಿಳಿಯದವರ ಮುಂದೆ ಮೌನವಾಗಿ ಲಾಭ ಮಾಡಿಕೊಳ್ಳುವುದು ಕಾಯಕವೆನಿಸದು. ‘ತಾಯೀ, ನಿಮ್ಮ ಮಿಷನ್ ಕೆಟ್ಟಿಲ್ಲ, ಇಂತಹ ಒಂದು ಸಾಮಾನು ಬೇಕು’ ಎಂದು ಹೇಳಿದ ಮೇಲೂ ಆಕೆ ಮಾರುವುದಾದರೆ ತಕ್ಕ ಬೆಲೆ ಕೊಟ್ಟು ಕೊಳ್ಳಬಹುದು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದ್ದು ಬೇಡವೆಂದು ಆಕೆ ಮರಳಿ ಕಳುಹಿಸಿದರು. ಯಂತ್ರಗಳನ್ನು ಕೂಡಿಹಾಕುವವರು ಈ ತಾಯಿಯನ್ನು ನೆನೆಯಬೇಕು. ಹನ್ನೆರಡು ಯಂತ್ರಗಳಿದ್ದು ಮೂರಕ್ಕೆ ಮಾತ್ರ ಬಾಬಿನ್ ಇರುವುದಕ್ಕಿಂತ, ಮೂರೇ ಇದ್ದು ಮೂರೂ ಹೊಲಿಯುವುದು ಮೇಲು. ಯಂತ್ರ ನಾಗರಿಕತೆಯನ್ನು ಸಂಶಯದಿಂದ ಕಂಡ ಗಾಂಧೀಜಿಯವರೂ 1924ರಲ್ಲಿ ಈ ಪ್ರಶ್ನೆ ಬಂದಾಗ ಸಿಂಗರ್ ಹೊಲಿಗೆ ಯಂತ್ರವನ್ನು ಹೊರತುಪಡಿಸಿದ್ದರು. ಅದು ಮನುಷ್ಯನ ದುಡಿಮೆಯನ್ನು ಕಸಿಯದೆ ಹಗುರಗೊಳಿಸುತ್ತದೆ ಎಂಬುದು ಅವರ ಭಾವ. ಅಂತಹ ಸಾಧನ ಗಾಜಿನ ಕಪಾಟಿನಲ್ಲಿ ಕುಳಿತರೆ ಅದರ ಹುಟ್ಟು ಸಾರ್ಥಕವಾಗದು. ಹೆಚ್ಚಾದ ಬಾಬಿನ್, ಹೆಚ್ಚಾದ ಸಾಧನಗಳಿದ್ದವರು ಅವು ಇಲ್ಲದವರಿಗೆ ಕೊಟ್ಟರೆ ಅದೂ ದಾಸೋಹವೇ. ಸೂಜಿಯಷ್ಟು ಸಣ್ಣ ದಾನವೂ ಒಂದು ಸಂಸಾರವನ್ನು ನಡೆಸಬಲ್ಲುದು.

ಕೊನೆಯದಾಗಿ, ಪ್ರತಿ ಮನೆಯ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಈ ತಿಂಗಳು ಒಂದು ಬಿಡುವಿನ ದಿನ ನಿಮ್ಮ ಯಂತ್ರದ ಮುಚ್ಚಳ ತೆಗೆಯಿರಿ. ಅಡುಗೆಮನೆಯ ಡಬ್ಬಿ, ದೇವರ ಮಾಡದ ಮೂಲೆ, ಮಕ್ಕಳ ಆಟಿಕೆಯ ಬುಟ್ಟಿಗಳಲ್ಲಿ ಚದರಿರುವ ಬಾಬಿನ್, ಪಾದ, ತಿರುಪುಗಳನ್ನು ಕೂಡಿಸಿರಿ. ಹಳೆಯ ಸೀರೆಯ ತುಂಡಿನಿಂದ ಒಂದು ಸಣ್ಣ ಚೀಲ ಹೊಲಿದು ಅವುಗಳನ್ನು ಅದರೊಳಗೆ ಹಾಕಿರಿ. ಒಂದು ಚೀಟಿಯಲ್ಲಿ ಯಂತ್ರದ ಹೆಸರು, ಕ್ರಮಸಂಖ್ಯೆ, ಬಾಬಿನ್ನಿನ ಕುಲ, ಸೂಜಿಯ ಬಗೆ ಇಷ್ಟನ್ನೂ, ಅದು ಯಾರಿಂದ ಯ��ರಿಗೆ ಬಂದುದೆಂಬುದನ್ನೂ ಬರೆದು ಚೀಲದೊಳಗೆ ಇಡಿರಿ. ಚೀಲವನ್ನು ಯಂತ್ರದ ಹಿಡಿಕೆಗೇ ಕಟ್ಟಿರಿ. ನಾಳೆ ಮನೆ ಪಾಲಾಗಲಿ, ಊರು ಬದಲಾಗಲಿ, ಯಂತ್ರ ತನ್ನ ಪರಿವಾರದೊಡನೆಯೇ ಹೋಗುತ್ತದೆ. ಅದನ್ನು ಪಡೆದವರ ಮನೆಯಲ್ಲಿ ಅಂದೇ ಹೊಲಿಗೆ ಆರಂಭವಾಗುತ್ತದೆ.